ಮಾತೆ ನಿನ್ನ ಮನೆ ಬಿಟ್ಟು ಹೋಗಿಲ್ಲ

ಪ್ರೀತಿಯ ಮಗಳೇ,

ನಿನ್ನ ಪತ್ರ ಬಂತು. ಸ್ಕ್ಯಾನಿಂಗ್ ವಿಷಯ, ಡಾಕ್ಟರ್ ಹೇಳಿದ ಮಾತು ಎಲ್ಲ ನಿನ್ನಮ್ಮ ಫೋನಿನಲ್ಲೇ ಹೇಳಿದ್ದಳು, ಅದು ಇರಲಿ. ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ‘ದೊಡ್ಡಮ್ಮ, ಮಾತೆಗೆ ನಮ್ಮ ಮನೇಲಿ ಇರೋಕೆ ಇಷ್ಟ ಆಗಲಿಲ್ವಾ?’ ಅಂತ. ಅದನ್ನು ಓದಿದ ಮೇಲೆ ನನಗೆ ಬೇರೆ ಯಾವ ಕೆಲಸಕ್ಕೂ ಮನಸ್ಸು ಬರುತ್ತಿಲ್ಲ.

ಇದು ಅಕ್ಟೋಬರ್, ಮಣಿ ಎಣಿಸುತ್ತ ಮರಿಯ ಮಾತೆಯನ್ನು ಬೇಡುವ ಜಪಸರದ ತಿಂಗಳು. ವಾರ್ಡಿನ ನಮ್ಮ ಸಭೆಯ ಮನೆಗಳಲ್ಲಿ ಮಾತೆಯ ಸ್ವರೂಪ, ಆ ಗಾರೆಯ ಪ್ರತಿಮೆ, ದಿನಕ್ಕೊಂದು ಮನೆಯಂತೆ ಸುತ್ತುತ್ತದೆ. ಮೆಟ್ಟಿಲು ಹತ್ತಿ ಇಳಿದು, ಆಟೋದಲ್ಲಿ ಕೂತು, ಎಷ್ಟೋ ಕೈ ಬದಲಾಗುತ್ತದೆ. ನಿನ್ನ ಮನೆಯಲ್ಲಿ ಕೈಜಾರಿತು. ಆಗ ಆ ಅಜ್ಜಿ ‘ಬಸುರಿ ಇರೋ ಮನೇಲಿ ಹೀಗಾಗಬಾರದಿತ್ತು’ ಅಂದರು. ಸ್ವರೂಪ ಒಡೆದದ್ದಕ್ಕಿಂತ ಜಾಸ್ತಿ ಆ ಮಾತೇ ನಿನ್ನನ್ನು ಹೆದರಿಸಿದೆ, ಅಲ್ವಾ? ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಅವರಿಗೂ ಚಿಕ್ಕಂದಿನಲ್ಲಿ ಯಾರೋ ಹೀಗೇ ಹೆದರಿಸಿರುತ್ತಾರೆ. ಆದರೆ ಆ ಮಾತು ನಮ್ಮ ಧರ್ಮಸಭೆಯ ಮಾತಲ್ಲ. ಇಷ್ಟು ವರ್ಷ ಧರ್ಮೋಪದೇಶದ ಕ್ಲಾಸು ತೆಗೆದುಕೊಂಡವಳು ನಾನು, ಇಷ್ಟನ್ನಂತೂ ಧೈರ್ಯವಾಗಿ ಹೇಳಬಲ್ಲೆ.

ಸಂತ ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯ ತೆಗೆದು ನೋಡು. ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಕೇಳುತ್ತಾರೆ, ಪಾಪ ಮಾಡಿದ್ದು ಇವನೋ, ಇವನ ಹೆತ್ತವರೋ ಎಂದು. ಇಬ್ಬರೂ ಅಲ್ಲ ಅನ್ನುತ್ತಾರೆ ಯೇಸು. ಹುಟ್ಟುವ ಮಗುವಿನ ವಿಷಯದಲ್ಲಿ ಯಾರ ತಪ್ಪು ಎಂದು ಹುಡುಕುವ ಬಾಯಿಯನ್ನು ಅವರೇ ಮುಚ್ಚಿಸಿದ್ದಾರೆ. ಸ್ವಂತ ಶಿಷ್ಯರ ಬಾಯಿಯನ್ನೇ.

ಚಿಕ್ಕವಳಿದ್ದಾಗ ನಿನ್ನನ್ನು ಮೈಸೂರು ಕಡೆಯ ಡೋರ್ನಹಳ್ಳಿಗೆ, ಸಂತ ಅಂತೋಣಿಯವರ ಗುಡಿಗೆ ಕರೆದುಕೊಂಡು ಹೋಗುತ್ತಿದ್ದೆವು. ಮಂಗಳವಾರದ ಆ ನೂಕುನುಗ್ಗಲು ನೆನಪಿರಬೇಕು. ಹೊಲ ಉಳುವಾಗ ರೈತನಿಗೆ ಸಂತ ಅಂತೋಣಿಯವರ ಮರದ ಸ್ವರೂಪ ಸಿಕ್ಕಿತು, ಏನೆಂದು ಗೊತ್ತಾಗದೆ ಮಕ್ಕಳಿಗೆ ಆಡಲು ಕೊಟ್ಟ ಅನ್ನುವ ಕಥೆ. ಸಂತರು ಕನಸಿನಲ್ಲಿ ಬಂದು ಗುಡಿ ಕಟ್ಟು ಅಂದರು, ಅವನು ಕೇಳದೆ ಹೋದ, ಮನೆಗೆ ಕಷ್ಟ ಬಂತು ಅನ್ನುತ್ತಾರೆ. ನಿನ್ನ ತಲೆಯಲ್ಲಿ ಉಳಿದಿರುವುದು ಆ ಕಷ್ಟದ ಭಾಗವೇ ಇರಬೇಕು. ನನಗೆ ಮಾತ್ರ ಆ ಭಾಗ ಯಾವತ್ತೂ ಹಿಡಿಸಲಿಲ್ಲ. ನನಗೆ ಇಷ್ಟವಾದದ್ದು ಮಕ್ಕಳು ಆಡಿದ್ದು. ಅಷ್ಟು ಕಾಲ ಮಣ್ಣಿನಲ್ಲಿ ಹೂತಿದ್ದ ಸ್ವರೂಪ, ಎದ್ದು ಬಂದು ಮೊದಲು ಸೇರಿದ್ದು ಮಕ್ಕಳ ಕೈಗೆ. 2019ರಲ್ಲಿ ಆ ಗುಡಿಗೆ ಬಸಿಲಿಕ ಅನ್ನುವ, ಪೋಪರು ಕೊಡುವ ವಿಶೇಷ ಗೌರವ ಸಿಕ್ಕಿತು. ಎಲ್ಲ ಜಾತಿ ಧರ್ಮದವರೂ ಬಂದು ಹರಕೆ ತೀರಿಸುತ್ತಾರೆ. ಶಿಕ್ಷೆಗೆ ಹೆದರಿ ಅಷ್ಟು ಜನ ಬರುತ್ತಾರಾ? ನನಗೆ ಹಾಗೆ ಕಂಡಿಲ್ಲ.

ನೋಡು, ಎಲ್ಲಿಗೋ ಹೋಗಿಬಿಟ್ಟೆ. ನೀನು ಕೇಳಿದ್ದು ಮಾತೆಯ ವಿಷಯ.

ಹಾಸನದ ಹತ್ತಿರದ ನಮ್ಮೂರು ಶೆಟ್ಟಿಹಳ್ಳಿ ನೀರಿನಲ್ಲಿ ಮುಳುಗಿದ್ದು ನಿನಗೆ ಗೊತ್ತಿರುವ ಕಥೆ. ಆದರೆ ನಿನ್ನ ಮುತ್ತಜ್ಜಿ ಆಗ ಕೇಳಿದ್ದನ್ನು ಯಾರೂ ನಿನಗೆ ಹೇಳಿರಲಿಕ್ಕಿಲ್ಲ. ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಕಟ್ಟಿಸಿದ ಆ ಜಪಸರ ಮಾತೆಯ ಗುಡಿಯಲ್ಲೇ ಅವಳ ಜ್ಞಾನಸ್ನಾನ, ಅಲ್ಲೇ ಮದುವೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದಿತು. ಊರು ಖಾಲಿಯಾಯಿತು, ನೀರು ಗುಡಿಯೊಳಗೆ ಬಂತು. ಮುತ್ತಜ್ಜಿ ಹೊಸ ಮನೆಯ ಜಗಲಿಯಲ್ಲಿ ಕೂತು ಕೇಳುತ್ತಿದ್ದಳು, ‘ಮಾತೆಗೆ ನಮ್ಮೂರಲ್ಲಿ ಇರೋಕೆ ಇಷ್ಟ ಇರಲಿಲ್ವಾ?’ ಹೆಚ್ಚು ಕಡಿಮೆ ನಿನ್ನದೇ ಮಾತು. ಅದಕ್ಕೇ ನಿನ್ನ ಸಾಲು ಓದಿ ನನಗೆ ಎದೆ ಝಲ್ಲೆಂದಿದ್ದು.

ಅವಳಿಗೆ ಯಾರೂ ಉತ್ತರ ಕೊಡಲಿಲ್ಲ. ಗಂಡಸರು ಪರಿಹಾರದ ಕಾಗದಪತ್ರ ಹಿಡಿದು ಓಡಾಡುತ್ತಿದ್ದರು. ನಾವು ಹುಡುಗಿಯರು, ದೊಡ್ಡವರ ದುಃಖದಲ್ಲಿ ಬಾಯಿ ಹಾಕುವ ರೂಢಿ ಇರಲಿಲ್ಲ. ಅವಳು ಆ ಪ್ರಶ್ನೆಯನ್ನು ಹೊತ್ತುಕೊಂಡೇ ತೀರಿಕೊಂಡಳು. ಅದು ನನ್ನ ಎದೆಯಲ್ಲಿ ಇನ್ನೂ ಚುಚ್ಚುತ್ತದೆ. ಅವಳಿಗೆ ಸಿಗದ ಉತ್ತರ ನಿನಗಾದರೂ ಸಿಗಲಿ ಎಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಉತ್ತರ ಅವಳ ಮನೆಯಲ್ಲೇ ಇತ್ತು. ಗೋಡೆಗೆ ಇನ್ನೂ ಸುಣ್ಣ ಬಳಿದಿರಲಿಲ್ಲ, ಸಂಜೆ ಅಕ್ಕಪಕ್ಕದವರು ಬಂದು ಚಾಪೆ ಹಾಸಿ ಕೂರುತ್ತಿದ್ದರು. ಪೀಠ ಇಲ್ಲ, ಗಂಟೆ ಇಲ್ಲ, ಒಂದು ಮೇಣದಬತ್ತಿ. ‘ನಮೋ ಮರಿಯ’ ಅಂತ ಶುರು ಮಾಡುತ್ತಿದ್ದವಳು ಮುತ್ತಜ್ಜಿಯೇ. ಗುಡಿ ಮುಳುಗಿತು, ಜಪ ಒಂದು ಸಂಜೆಯೂ ನಿಲ್ಲಲಿಲ್ಲ. ಈಗ ಬೇಸಿಗೆಯಲ್ಲಿ ನೀರು ಇಳಿದಾಗ ಜನ ಅಲ್ಲಿ ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಆ ಕಡೆ ಹೋಗಲು ಕಾಲು ಬರುವುದಿಲ್ಲ.

ಸ್ವರೂಪಗಳ ವಿಷಯವನ್ನು 787ರಲ್ಲೇ ನಿಕೇಯದಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆ ಇತ್ಯರ್ಥ ಮಾಡಿದೆ. ಸ್ವರೂಪಕ್ಕೆ ಕೊಡುವ ಗೌರವ ಅದು ಯಾರದೋ ಅವರಿಗೆ ಸೇರುತ್ತದೆ ಎಂದು. ಗೌರವ ಅವರಿಗೆ ಸೇರಿದ ಮೇಲೆ, ಗಾರೆ ಒಡೆದರೆ ಅವರಿಗೇನು ನೋವು? ನಿನ್ನ ಮನೆಯವರು ಅಂದು ಹೇಳಿದ ಪ್ರಾರ್ಥನೆ ಅಂದೇ ಸೇರಿ ಆಗಿದೆ. ಮಾತೆ ಎದ್ದು ಹೋಗಲಿಲ್ಲ ಮಗಳೇ. ಬೆತ್ಲೆಹೇಮಿನಲ್ಲಿ ಛತ್ರದಲ್ಲೂ ಜಾಗ ಸಿಗದ ಬಸುರಿ ಆಕೆ. ಬಸುರಿ ಹೆಂಗಸಿನ ಮನೆಯನ್ನು ಆಕೆ ಬೇಡ ಅನ್ನುತ್ತಾಳಾ?

‘ಚೂರುಗಳನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ, ಮುಟ್ಟಲೂ ಭಯ’ ಅಂದಿದ್ದೀಯ. ಕಸಕ್ಕೆ ಹಾಕಬಾರದು, ಅಷ್ಟೇ. ಮಂತ್ರಿಸಿದ ವಸ್ತು ಹಾಳಾದರೆ ಹೂಳುತ್ತಾರೆ, ಇಲ್ಲವೇ ಸುಡುತ್ತಾರೆ. ಗರಿಗಳ ಭಾನುವಾರದ ಗರಿಯನ್ನು ಸುಟ್ಟು ಅದೇ ಬೂದಿಯನ್ನು ಮುಂದಿನ ವರ್ಷ ತಪಸ್ಸುಕಾಲದ ಮೊದಲ ದಿನ ನಮ್ಮ ಹಣೆಗೆ ಇಡುವುದಿಲ್ಲವೇ? ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಅಗೆಯಲು ಮಣ್ಣೆಲ್ಲಿ. ದೇವಾಲಯಕ್ಕೆ ಒಯ್ದು ಫಾದರ್ ಕೈಗೆ ಕೊಡು. ನೀನೇ ಹೊರಬೇಡ, ಅಳಿಯಂದಿರ ಹತ್ತಿರ ಕಳಿಸು. ಇಂಥದ್ದನ್ನೆಲ್ಲ ಹೇಳುವುದು ನನ್ನ ವಯಸ್ಸಿನವರ ಚಾಳಿ, ತಪ್ಪು ತಿಳಿಯಬೇಡ.

ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿ ಅಂತ ಕೇಳು. ಹೊಟ್ಟೆಯಲ್ಲಿರುವ ಮಗುವಿಗೂ ಧರ್ಮಸಭೆಯಲ್ಲಿ ಆಶೀರ್ವಾದವಿದೆ. ಅಕ್ಟೋಬರ್ 16 ಸಂತ ಜೆರಾರ್ಡರ ಹಬ್ಬ, ಬಸುರಿಯರೆಲ್ಲ ಅವರನ್ನು ಬೇಡುತ್ತಾರೆ. ನಾನು ಇಲ್ಲಿ ಆಗಲೇ ಶುರು ಮಾಡಿದ್ದೇನೆ. ರಾತ್ರಿ ಭಯ ಬಂದರೆ ಪೂರ್ತಿ ಜಪಸರ ಹೇಳಲೇಬೇಕು ಅಂತಿಲ್ಲ, ನಿದ್ದೆ ಬಂದರೆ ಮಲಗಿಬಿಡು. ಎದ್ದ ಮೇಲೂ ಭಯ ಹೋಗದಿದ್ದರೆ ಡಾಕ್ಟರ್ ಹತ್ತಿರವೂ ಹೇಳು, ಮುಚ್ಚಿಡಬೇಡ.

ಆ ಅಜ್ಜಿ ಸಿಕ್ಕಿದರೆ ಮುಖ ತಿರುಗಿಸಿಕೊಂಡು ಹೋಗಬೇಡ. ಮಗುವಿಗಾಗಿ ಪ್ರಾರ್ಥನೆ ಮಾಡಿ ಅಂತ ಅವರನ್ನೇ ಕೇಳು. ನನಗನ್ನಿಸಿದ್ದು ಹೇಳಿದೆ, ಮನಸ್ಸಿಲ್ಲದಿದ್ದರೆ ಬೇಡ.

ಹೊಸ ಸ್ವರೂಪಕ್ಕೆ ವಾರ್ಡಿನಲ್ಲಿ ದುಡ್ಡು ಸೇರಿಸುತ್ತಿದ್ದಾರೆ ಅಂದೆ. ನನ್ನ ಪಾಲು ನಿನ್ನಮ್ಮನ ಹತ್ತಿರ ಕಳಿಸಿದ್ದೇನೆ. ತಿಂಗಳ ಕೊನೆಯ ದಿನದ ಜಪಸರ ನಿಮ್ಮ ಮನೆಯಲ್ಲೇ ಆಗಲಿ ಅಂತ ಕೇಳಿಕೊಳ್ಳಿ. ಹಿಂದಿನ ದಿನವೇ ನಾನು ಬರುತ್ತೇನೆ. ಬಂದವರಿಗೆ ಕಡಲೆ ಉಸಲಿ, ಕಾಫಿ ನಾನು ನೋಡಿಕೊಳ್ಳುತ್ತೇನೆ. ನೀನು ಒಲೆ ಮುಂದೆ ನಿಲ್ಲಬೇಡ.

ನಿನ್ನ
ದೊಡ್ಡಮ್ಮ