ತಮ್ಮಾ, 'ಏಕತೆ' ಅಂತ ಹನ್ನೊಂದ ಸಲ ಬರದೀ

ಪ್ರೀತಿಯ ತಮ್ಮಾ,

ಬೆಳಗಾವಿ ಗಡಿ ಜಗಳದ ಬಗ್ಗೆ ನೀ ಬರದು ಕಳಿಸಿದ ಲೇಖನ ಓದಿದೆ. ಮೊದಲ ಫೋನ್‌ನಾಗ ಓದಿದೆ, ಕಣ್ಣ ನೋಯಾಕತ್ತು ಅಂತ ಪ್ರಿಂಟ್ ತಗಸಿ ಪೆನ್ನ ಹಿಡದು ಕುಂತೆ. ಭಾಷಾ ಚೊಲೋ ಐತಿ, ಓಟ ಐತಿ. ಆದ್ರ 'ಏಕತೆ' ಹನ್ನೊಂದ ಸಲ ಬಂದೈತಿ, 'ವಿಭಜಕ ಶಕ್ತಿಗಳು' ಏಳ ಸಲ, ಒಂದ ಹಳ್ಳಿ ಹೆಸರು ಮಾತ್ರ ಎಲ್ಲೂ ಇಲ್ಲ. ಬೆಳಗಾವಿಯಾಗ ಹುಟ್ಟಿ ಬೆಳದಾಂವ ನೀನು, ಗಡಿ ಬಗ್ಗೆ ದಿಲ್ಲಿ ಸ್ಟುಡಿಯೋದಾಗ ಕುಂತಾವ್ರಂಗ ಬರದ್ರ ಹೆಂಗಪಾ. ಬೇಂದ್ರೆಯವ್ರ ಮನಿಮಾತು ಮರಾಠಿ ಅನ್ನೂದು, ಪಂಢರಪುರದ ವಿಠ್ಠಲ ಕಾನಡಾ, ಅಂದ್ರ ಕನ್ನಡದಾಂವ ಅನ್ನೂದು, ಇವೆರಡೂ ಖರೆ ಮಾತ, ಆದ್ರ ಗಡಿ ಬಗ್ಗೆ ಬರಿಯೂ ಪ್ರತಿಯೊಬ್ಬನೂ ಬಳಸಿ ಬಳಸಿ ಸವದು ಹೋಗ್ಯಾವು, ತಗದ ಬಿಡು.

ನವೆಂಬರ್ 1 ನೀನೂ ನೋಡೀ. ಚನ್ನಮ್ಮ ಸರ್ಕಲ್‌ನಾಗ ಡಿಜೆ, ಹಳದಿ ಕೆಂಪು ಬಾವುಟ, ಹುಡುಗ್ರ ಕುಣಿತ. ಅದ ದಿನ ಅದ ಊರಾಗ, ಬೆಳಗಾವಿ ಮಹಾರಾಷ್ಟ್ರಕ್ಕ ಸೇರ್ಲಿ ಅನ್ನೂ ಎಂಇಎಸ್‌ನವ್ರು (ಮಹಾರಾಷ್ಟ್ರ ಏಕೀಕರಣ ಸಮಿತಿ) ಕಾಳಾ ದಿವಸ ಅಂತ ಕರಿ ಬಟ್ಟಿ ಕಟ್ಕೊಂಡು ಸೈಕಲ್ ಫೇರಿ ತಗೀತಾರ. 1956ರಾಗ ರಾಜ್ಯಗಳ ಪುನರ್ವಿಂಗಡಣೆ ಆದ ದಿನ ಒಂದ ಗಲ್ಲಿಗೆ ಹಬ್ಬ, ಬಾಜೂ ಗಲ್ಲಿಗೆ ಸೂತಕ. ನೀ ಒಂದ ಮೆರವಣಿಗೆಗೆ 'ಸ್ವಾಭಿಮಾನ' ಅಂತ ಹೆಸರ ಕೊಟ್ಟೀ, ಇನ್ನೊಂದಕ್ಕ 'ದೇಶದ್ರೋಹ'. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟಿ ಕಡೆ ಕನ್ನಡ ಸಾಲಿ ಉಳಸ್ರಿ ಅನ್ನೂ ನಮ್ಮ ಮಂದಿಗೆ ಅಲ್ಲಿಯಾವ್ರು ಅದ ಪದ ಹಚ್ಚಿದ್ರ ನಿನಗ ಹೆಂಗ ಅನಸ್ತೈತಿ? ಹಂಗಂತ ಗ್ವಾಡಿ ಮ್ಯಾಲ ಹತ್ತಿ ಕೂಡು, ಇಬ್ರೂ ಸರಿ ಅನ್ನು ಅಂತ ನಾ ಹೇಳವಲ್ಲೆ. ಸಾಲಿ ಕೇಳೂದು, ಬೋರ್ಡ್ ಕೇಳೂದು, ಗಡಿ ತಿದ್ರಿ ಅಂತ ಕೋರ್ಟಿಗೆ ಹೋಗೂದು ಇವೆಲ್ಲಾ ಮನಿ ಒಳಗಿನ ಜಗಳ. ಮಹಾರಾಷ್ಟ್ರ 2004ರಾಗ ಸುಪ್ರೀಂ ಕೋರ್ಟಿಗೆ ಹೋತು, ಹೋಗ್ಲಿ, ಅಲ್ಲೇ ಉತ್ತರ ಕೊಡೂನು. ಆದ್ರ 2022ರ ಡಿಸೆಂಬರ್‌ನಾಗ ಹಿರೇಬಾಗೇವಾಡಿ ಟೋಲ್ ಹತ್ರ ಅವರ ಲಾರಿಗೆ ಕಲ್ಲ ಬಿದ್ದೂವು, ಪುಣೆಯಾಗ ನಮ್ಮ ಬಸ್ಸಿಗೆ ಮಸಿ ಬಳದ್ರು, ಒಡಿಯೂದು ಅಂದ್ರ ಅದು. ಬಾವುಟ ಯಾವದ ಇರ್ಲಿ, ಎರಡಕ್ಕೂ ಒಂದ ಪದ ಬಳಸು.

ಎರಡನೇ ಪ್ಯಾರಾದಾಗ 'ಮಹಾಜನ ವರದಿ ಅಂತಿಮ' ಅಂತ ಬರದೀ. ಪೂರಾ ಓದೀ ಏನು? ಮಹಾರಾಷ್ಟ್ರದ ಒತ್ತಾಯಕ್ಕ ಗಡಿ ಜಗಳ ಬಗೆಹರಸಾಕ 1966ರಾಗ ಮಹಾಜನ ಆಯೋಗ ಆತು, 1967ರಾಗ ವರದಿ ಬಂತು. ಬೆಳಗಾವಿ ಕರ್ನಾಟಕಕ್ಕ ಇರ್ಲಿ ಅಂತು, ಹೌದು. ಅದ ವರದಿ ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 264 ಊರು ಅವರಿಗೆ ಕೊಡ್ರಿ ಅಂತೂ ಹೇಳ್ತೈತಿ, ಅವರ ಕಡಿಂದ 247 ಹಳ್ಳಿ ನಮಗ, ಕೇರಳದ ಕಾಸರಗೋಡಿನಾಗ ಚಂದ್ರಗಿರಿ ಹೊಳಿ ಉತ್ತರದ ಭಾಗ ನಮಗ. ಮಹಾರಾಷ್ಟ್ರದವ್ರು ಸಾಫ್ ಒಪ್ಪಲಿಲ್ಲ. ನಾವು ಒಪ್ಪೀವಿ ಅಂತೀವಿ, ಆದ್ರ ವೇದಿಕಿ ಮ್ಯಾಲ ನಿಂತು ನಿಪ್ಪಾಣಿ ಬಿಟ್ಟಕೊಡೂ ಮಾತ ಆಡಿದ ಒಬ್ಬ ಲೀಡರ್‌ನ ನಾ ಕಂಡಿಲ್ಲ. ಮರಾಠಿ ಓದುಗ ಒಬ್ಬಾಂವ ನಿನ್ನ ಲೇಖನಕ್ಕ ಈ ಒಂದ ಪ್ರಶ್ನೆ ಕೇಳಿದ್ರ ಅಲ್ಲೇ ಕುಸೀತೈತಿ.

ಇನ್ನ, ಭಾಷಾ ಜಗಳದ ತಳಕ್ಕ ಏನೈತಿ ನೋಡು. ಜತ್ತ ತಾಲೂಕಿನ ಹಳ್ಳಿಗಳು ನಮ್ಮನ್ನ ಕರ್ನಾಟಕಕ್ಕ ಸೇರಸ್ರಿ ಅಂತ ಠರಾವ್ ಮಾಡಿದ್ದು ಕನ್ನಡ ಪ್ರೇಮ ಉಕ್ಕಿ ಅಂತ ನಾವಿಲ್ಲಿ ಚಪ್ಪಾಳಿ ಹೊಡದ್ವಿ. ಪ್ರೇಮ ಇಲ್ಲ ಅಂತಲ್ಲ, ಆದ್ರ ಅವರು ಕೇಳಿದ್ದು ನೀರು. ಬರದ ನಾಡು ಅದು, ಬ್ಯಾಸಗಿಯಾಗ ಟ್ಯಾಂಕರ್ ದಾರಿ ಕಾಯೂ ಮಂದಿ. 2022ರಾಗ ನಮ್ಮ ಮುಖ್ಯಮಂತ್ರಿ ಆ ಠರಾವಿನ ಮಾತ ತಗದ ಕೂಡ್ಲೇ ಮುಂಬೈಯಾಗ ಮ್ಹೈಸಾಳ ನೀರಾವರಿ ಯೋಜನಾದ ನೀರು ಜತ್ತದ ಆ ಹಳ್ಳಿಗಳ ತನಕ ಒಯ್ಯೂ ಫೈಲ್ ಓಡಾಕ ಹತ್ತಿತು. ಇಂಥಾದ್ದ ಬರಿ. ಹಂಗ 1981ರ ನಿಪ್ಪಾಣಿ. ತಂಬಾಕಿಗೆ ರೇಟ್ ಕೊಡ್ರಿ ಅಂತ ರೈತರು ಹೈವೇ ಮ್ಯಾಲ ಟೆಂಟ್ ಹಾಕಿ ಕುಂತ್ರು, ಮುಂದ ನಿಂತಾಂವ ಮಹಾರಾಷ್ಟ್ರದ ಶರದ್ ಜೋಶಿ, ಏಪ್ರಿಲ್‌ನಾಗ ಗೋಲಿಬಾರ್ ಆಗಿ 12 ಮಂದಿ ರೈತರು ಸತ್ರು. ಎರಡೂ ಕಡಿಯಾವ್ರು ಎಳದಾಡೂ ಅದ ನಿಪ್ಪಾಣಿ, ಅಲ್ಲಿ ರೊಕ್ಕದ ಮಾತ ಬಂದಾಗ ಗಡಿ ಯಾರಿಗೂ ನೆನಪ ಆಗಲಿಲ್ಲ. ನಿನ್ನ ಹನ್ನೊಂದ 'ಏಕತೆ' ತಗದು ಅಲ್ಲಿ ಇದೊಂದ ಹಾಕು.

ಇಷ್ಟ ಜೋರ ಮಾಡಿ ಹೇಳಾಕತ್ತೇನಿ, ಯಾಕಂದ್ರ ನಾ ನಿನಗಿಂತ ಖರಾಬ್ ಬರದಾಂವ. ನಿನ್ನ ವಯಸ್ಸಿನಾಗ ಒಂದ ವಾರಪತ್ರಿಕೆಗೆ ಸುದ್ದಿ ಕಳಸ್ತಿದ್ದೆ. ಖಾನಾಪುರ ಕಡಿ ಒಂದ ಹಳ್ಳಿಯಾಗ ಬಸ್‌ಸ್ಟಾಪಿನ ಕನ್ನಡ ಬೋರ್ಡ್ ಕಾಣಲಿಲ್ಲ, ಬರೇ ಎರಡ ಕಂಬ. ಯಾರನ್ನೂ ಕೇಳದ 'ಕನ್ನಡ ಫಲಕ ಕಿತ್ತೆಸೆದ ಪುಂಡರು' ಅಂತ ಬರದೆ, ಹೆಡ್ಡಿಂಗ್ ನಂದ. ಪತ್ರಿಕೆ ಬಂದ ಮೂರನೇ ದಿನಕ್ಕ ಬ್ಯಾರೆ ಊರಿಂದ ಹುಡುಗ್ರು ಜೀಪ್ ತಗೊಂಡ ಬಂದು ಸ್ಟಾಪಿನ ಎದುರಿನ ಚಾದ ಅಂಗಡಿ ಗ್ಲಾಸ್ ಕಪಾಟ ಒಡದ ಹೋದ್ರು, ಅಂಗಡಿಯಾಂವ ಮರಾಠಿಯಾಂವ ಅನ್ನೂದೊಂದ ಕಾರಣ. ಬೋರ್ಡ್ ಎಲ್ಲಿತ್ತು ಗೊತ್ತೇನು? ಜಾತ್ರಿಗೆ ಬಣ್ಣಾ ಹಚ್ಚಾಕಂತ ಪಂಚಾಯ್ತಿಯವ್ರ ಬಿಚ್ಚಿಸಿದ್ರು, ಪೇಂಟರ್ ಮನಿ ಹಿತ್ತಲದಾಗ ಒಣಗಾಕ ಇಟ್ಟಿತ್ತು. ನಾ ತಿದ್ದುಪಡಿ ಬರದು ಕೊಟ್ಟೆ, ಒಳಪುಟದಾಗ ನಾಕ ಸಾಲು ಬಂತು, ಯಾರ ಓದಿರ್ತಾರ.

ಆಮ್ಯಾಲ ಎಷ್ಟೋ ವರ್ಷ ಆ ಕಡಿ ಹೋದಾಗೆಲ್ಲಾ ಅಲ್ಲೇ ಚಾ ಕುಡದೇನಿ. ಕಪಾಟಿಗೆ ಗ್ಲಾಸ್ ಮತ್ತ ಹಾಕ್ಸಲಿಲ್ಲ ಅಂವ, ಬಟರ್, ಖಾರಿ ಎಲ್ಲಾ ಸ್ಟೀಲ್ ಡಬ್ಬಿಯಾಗ ಇಡಾಕತ್ತಿದ್ದ. ನಾನ ಬರದಾಂವ ಅಂತ ಅಂವಗ ಗೊತ್ತಿತ್ತೋ ಇಲ್ಲೋ, ನಾನೂ ಬಾಯಿ ಬಿಡಲಿಲ್ಲ. 'ಸಾಕ್ರಿ ಕಮ್ಮಿ ಅಲ್ಲೇನ್ರಿ ಸಾಹೇಬ್ರ' ಅಂತ ಕನ್ನಡದಾಗ ಕೇಳಾಂವ.

ಈಗ ನಿನ್ನ ಕೆಲಸ. ಎರಡನೇ ಪ್ಯಾರಾ ಪೂರಾ ಕಿತ್ತಿ ಹಾಕು. ದಿನಾ ಒಂದ ಮರಾಠಿ ಪೇಪರ್ ಓದು, ನಮ್ಮ ಬಗ್ಗೆ ಏನ ಬರೀತಾರ ಅಂತ ಸಿಟ್ಟ ಬಂದ್ರೂ ಓದು. ಐತವಾರ ನಿಪ್ಪಾಣಿ ಬಸ್ ಹತ್ತಿ ಹೋಗು, ಬೀಡಿ ಕಟ್ಟೂ ಅವ್ವಂದಿರ ಕೂಡ ಕುಂತು ಮಾತಾಡು, ಅವರಿಗೆ ಮಕ್ಕಳನ್ನ ಯಾವ ಭಾಷಾದ ಸಾಲಿಗೆ ಹಾಕೀರಿ, ಯಾಕ ಹಾಕೀರಿ ಅಂತ ಕೇಳು. ಇಂಗ್ಲಿಷ್ ಸಾಲಿ ಅಂದ್ರೂ ಅಂದಾರು, ಅಂದ್ರ ಅದನ್ನೂ ಬರಿ. ಆಮ್ಯಾಲ ಲೇಖನ ಕಳಸು, ವಾಟ್ಸಾಪ್ ಬ್ಯಾಡ, ಅಕ್ಷರ ಸಣ್ಣ ಬರ್ತಾವು. ನೀನ ತಗೊಂಡ ಬಾ, ನಿಮ್ಮ ಕಾಕು ಬರೂವಾಗ ನಿಪ್ಪಾಣಿ ಮೆಣಸಿನಕಾಯಿ ಒಂದ ಕಿಲೋ ತರಾಕ ಹೇಳ್ಯಾಳ.

ನಿನ್ನ ಕಾಕಾ