ಖಾಸಗಿ ಶಾಲೆಯಲ್ಲೂ ಪೋಷಕರಿಗೆ ಒಂದು ಕುರ್ಚಿ ಬೇಕು

ಮಾನ್ಯರೇ,

ನನಗೆ ಇಬ್ಬರು ಮಕ್ಕಳು. ಮಗಳು ಏಳನೇ ಕ್ಲಾಸು, ಬ್ರಹ್ಮಾವರದ ಹತ್ತಿರದ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆ. ಮಗ ಮೂರನೇ ಕ್ಲಾಸು, ಮನೆಯಿಂದ ನಡೆದೇ ಹೋಗುವ ಸರ್ಕಾರಿ ಶಾಲೆ. ಇಬ್ಬರನ್ನೂ ಖಾಸಗಿಗೆ ಹಾಕುವಷ್ಟು ನನ್ನ ಹೊಲಿಗೆಯಲ್ಲಿ ಹುಟ್ಟುವುದಿಲ್ಲ. "ಸಣ್ಣವನನ್ನು ಅಲ್ಲಿಗೆ ಹಾಕಿದ್ದೀಯಲ್ಲ, ಸೇಫಾ?" ಎಂದು ನೆಂಟರು ಕೇಳುತ್ತಾರೆ. ಮಗಳ ಬಗ್ಗೆ ಯಾರೂ ಕೇಳುವುದಿಲ್ಲ.

ಅವಳ ಶಾಲೆಗೆ ಎತ್ತರದ ಕಂಪೌಂಡ್ ಉಂಟು, ಸಿಸಿ ಕ್ಯಾಮೆರಾ ಉಂಟು, ವಾಚ್‌ಮನ್ ಉಂಟು. ಕಳೆದ ಜುಲೈಯಲ್ಲಿ ಜೋರು ಮಳೆ ಎಂದು ಮಧ್ಯಾಹ್ನವೇ ಶಾಲೆ ಬಿಟ್ಟರು. ವ್ಯಾನಿನವರು ನಮ್ಮ ಬದಿಗೆ ಬಾರದೆ ಹೈವೇಯ ಆಚೆಯೇ ಅವಳನ್ನು ಇಳಿಸಿ ಹೋದರು. ಆ ಮಳೆಯಲ್ಲಿ ಒಬ್ಬಳೇ ಹೆದ್ದಾರಿ 66 ದಾಟಿ ಬಂದಳು. ಶಾಲೆ ಬಿಟ್ಟ ಮೆಸೇಜು ನನಗೆ ಬಂದದ್ದು ಅವಳು ತಲೆ ಒರೆಸಿಕೊಳ್ಳುತ್ತಿದ್ದಾಗ.

ಮರುದಿನ ಕೇಳಲು ಹೋದೆ. "ಅಪಾಯಿಂಟ್‌ಮೆಂಟ್ ಉಂಟಾ ಅಕ್ಕಾ?" ಎಂದ ವಾಚ್‌ಮನ್. ಅವನ ತಪ್ಪಲ್ಲ ಬಿಡಿ. ಅರ್ಧ ಗಂಟೆ ಕಾದ ಮೇಲೆ ಆಫೀಸಿನವರು, "ವ್ಯಾನ್ ನಮ್ಮದಲ್ಲ, ಕಾಂಟ್ರಾಕ್ಟಿನವರದ್ದು" ಎಂದರು. ವ್ಯಾನಿನ ಫೀಸಿನ ರಸೀದಿಯಲ್ಲಿ ಮಾತ್ರ ಶಾಲೆಯದೇ ಹೆಸರು!

ಮಗನ ಶಾಲೆಯ ಕಷ್ಟ ಬೇರೆ. ಹಿಂದಿನ ಕಂಪೌಂಡ್ ಬಿದ್ದು ನಾಯಿಗಳು ಜಗಲಿಗೇ ಬರುತ್ತಿದ್ದವು. ಹುಡುಗಿಯರ ಶೌಚಾಲಯಕ್ಕೆ ಚಿಲಕ ಇರಲಿಲ್ಲ. ಆದರೆ ಅಲ್ಲಿ ನಾನು ಎಸ್‌ಡಿಎಂಸಿ, ಅಂದರೆ ಪೋಷಕರಿರುವ ಶಾಲಾ ಸಮಿತಿಯ ಸದಸ್ಯೆ. ಮೀಟಿಂಗಿನಲ್ಲಿ ಎದ್ದು ಹೇಳಿದೆ, ಪುಸ್ತಕದಲ್ಲಿ ಬರೆಸಿದೆ. ವಾರದಲ್ಲಿ ಚಿಲಕ ಬಂತು. ಕಂಪೌಂಡಿಗೆ ಪಂಚಾಯಿತಿಗೆ ನಾಲ್ಕು ಸಲ ನಡೆದೆ, ಅರ್ಧ ಕಟ್ಟಿದ್ದಾರೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಆದರೆ ಅನುದಾನ ಪಡೆಯದ ಖಾಸಗಿ ಶಾಲೆಗೆ ಈ ನಿಯಮ ಇಲ್ಲ. ಹಾಗಾಗಿ ದುಡ್ಡು ಕೊಡದ ಶಾಲೆಯಲ್ಲಿ ನನಗೆ ಕುರ್ಚಿ ಉಂಟು, ದುಡ್ಡು ಕೊಡುವಲ್ಲಿ ಗೇಟಿನ ಹೊರಗೆ ಜಾಗ.

ನಮ್ಮ ಉಡುಪಿ ಜಿಲ್ಲೆಯವರು ಮರೆಯದ ಎರಡು ಸಂಗತಿ ಇವೆ. 2016ರ ಜೂನ್‌ನಲ್ಲಿ ತ್ರಾಸಿ ಹತ್ತಿರ ಶಾಲಾ ಮಕ್ಕಳಿದ್ದ ಓಮ್ನಿಗೂ ಬಸ್ಸಿಗೂ ಡಿಕ್ಕಿಯಾಗಿ 8 ಮಕ್ಕಳು ತೀರಿಕೊಂಡರು. 2022ರ ಆಗಸ್ಟ್‌ನಲ್ಲಿ ಬೈಂದೂರಿನ ಕಾಲ್ತೋಡಿನಲ್ಲಿ ಶಾಲೆಯಿಂದ ಬರುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ ಜಾರಿ ಹೊಳೆ ಪಾಲಾದಳು. ಎರಡೂ ನಡೆದದ್ದು ದಾರಿಯಲ್ಲಿ. ಗೇಟಿನ ಕ್ಯಾಮೆರಾಕ್ಕೆ ದಾರಿ ಕಾಣುವುದಿಲ್ಲ ಅಲ್ವಾ?

ಶಿಕ್ಷಣ ಇಲಾಖೆಯವರಲ್ಲಿ ನನ್ನದು ಇಷ್ಟೇ ಕೋರಿಕೆ: ಖಾಸಗಿ ಶಾಲೆಯಲ್ಲೂ ಪೋಷಕರೇ ಆರಿಸಿದ ಸಮಿತಿ ಕಡ್ಡಾಯ ಮಾಡಿ. ಮಕ್ಕಳನ್ನು ಎಲ್ಲಿ ಇಳಿಸಬೇಕು, ಯಾರ ಕೈಗೆ ಕೊಡಬೇಕು ಎಂಬುದು ಅಲ್ಲಿ ತೀರ್ಮಾನ ಆಗಲಿ. ವ್ಯಾನ್ ಯಾರದ್ದೇ ಇರಲಿ, ಉತ್ತರ ಶಾಲೆಯೇ ಕೊಡಲಿ. ನಾನು ಶಾಲೆಗೆ ಬರೆದುಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಅಲ್ಲಿಯತನಕ ದಿನಾ ಸಂಜೆ ಹೊಲಿಗೆ ಅರ್ಧಕ್ಕೆ ಬಿಟ್ಟು, ಕೊಡೆ ಹಿಡಿದು ಹೈವೇ ಬದಿಯಲ್ಲಿ ನಿಲ್ಲುತ್ತಿದ್ದೇನೆ.

— ಒಬ್ಬ ತಾಯಿ, ಬ್ರಹ್ಮಾವರ