ಆ ಒಂದು ಹಾಳೆ ನೋಡಲು ಬಿಡಿ: ಸ್ಪೇನ್‌ನ ಸಂಸ್ಕೃತಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹನ್ನೊಂದು ತಿಂಗಳು ಕಾದೆ. ಇನ್ನು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮ್ಯಾಡ್ರಿಡ್‌ನ ಹೋಟೆಲೊಂದರಲ್ಲಿ ಅಡುಗೆ ಕೆಲಸ ಮಾಡುವ ಕನ್ನಡಿಗ. ಕಾಸ್ತೆಯಾನಾ ರಸ್ತೆಯಲ್ಲಿರುವ ಎಮಿಲಿಯೊ ಕಾಸ್ತೆಲಾರ್ ಅವರ ಪ್ರತಿಮೆ ನೋಡುತ್ತಲೇ ದಿನಾ ಕೆಲಸಕ್ಕೆ ಹೋಗುತ್ತೇನೆ. ಅವರು ಯಾರೆಂದು ಹುಡುಕಿ ಓದಿದೆ: 19ನೇ ಶತಮಾನದ ಪ್ರಾಧ್ಯಾಪಕ, ಪತ್ರಕರ್ತ, ರಾಜಕಾರಣಿ. 1865ರ ಫೆಬ್ರವರಿ 25ರಂದು ತಮ್ಮ 'ಲಾ ಡೆಮೊಕ್ರಾಸಿಯಾ' ಪತ್ರಿಕೆಯಲ್ಲಿ ಅವರು ಬರೆದ 'ಎಲ್ ರಾಸ್ಗೊ' (ಅಂದರೆ 'ಉದಾರ ನಡೆ', ವ್ಯಂಗ್ಯವಾಗಿ) ಲೇಖನವನ್ನು ಕನ್ನಡಕ್ಕೆ ತರಬೇಕು ಅನ್ನಿಸಿತು. ಲೇಖನ ಪುಸ್ತಕದಲ್ಲೂ ಸಿಗುತ್ತದೆ, ಗೊತ್ತು. ಆದರೆ ಅಂದಿನ ಜನ ಕೈಯಲ್ಲಿ ಹಿಡಿದು ಓದಿದ ಹಾಳೆಯನ್ನೇ ನೋಡಬೇಕು. ನಾನು ಕೇಳಿದ್ದು ಇಷ್ಟೇ.

ಇಲ್ಲಿನ ಗ್ರಂಥಾಲಯವೊಂದಕ್ಕೆ ಮೂರು ಸಲ ಹೋದೆ. ಮೂರು ಸಲವೂ ಸಂಬಳ ಬಿಟ್ಟು ರಜೆ ಹಾಕಿ ಹೋದೆ. ಮೊದಲ ಸಲ ವಿಶ್ವವಿದ್ಯಾಲಯದ ಪತ್ರ ತನ್ನಿ ಅಂದರು. ನಾನೆಲ್ಲಿಂದ ತರಲಿ? ಎರಡನೇ ಸಲ ಸಂಬಂಧಪಟ್ಟವರು ಇಲ್ಲ ಅಂದರು. ಮೂರನೇ ಸಲ ಅವರೇ ಕೊಟ್ಟ ದಿನ, ಅವರೇ ಕೊಟ್ಟ ಹೊತ್ತು. ಮಳೆಯಲ್ಲಿ ನೆನೆದು ಹೋಗಿ ಎರಡೂವರೆ ಗಂಟೆ ಕೂತೆ. ಆಮೇಲೆ ಒಬ್ಬರು ಬಂದು, ನನ್ನ ಅರ್ಜಿ ಓದಿ, ಎಲ್ಲರ ಮುಂದೆ ಕೇಳಿದರು: "ಅಡುಗೆಯವನಿಗೆ ಈ ಪತ್ರಿಕೆ ಯಾಕೆ?"

ಸ್ವಾಮಿ, ಆ ಪತ್ರಿಕೆ ಇನ್ಯಾರಿಗಾಗಿ ಅಚ್ಚಾಗಿತ್ತು?

ಅರಮನೆಯ ಆಸ್ತಿ ಮಾರಿ, ಕಾಲು ಭಾಗ ತಾನಿಟ್ಟುಕೊಂಡು, ಉಳಿದದ್ದನ್ನು ದೇಶಕ್ಕೆ ಕೊಡಲು ರಾಣಿ 2ನೇ ಇಸಬೆಲ್ ಒಪ್ಪಿದಾಗ ಹೊಗಳಿಕೆಯ ಮಳೆಯೇ ಸುರಿಯಿತು. ಆ ಆಸ್ತಿ ದೇಶದ್ದೇ, ಅದರಲ್ಲಿ ಕಾಲು ಭಾಗ ರಾಣಿಗೆ ಯಾಕೆ ಎಂಬುದು ಆ ಲೇಖನದಲ್ಲಿ ಕಾಸ್ತೆಲಾರ್ ಅವರ ವಾದ. ಅಷ್ಟಕ್ಕೇ ಅವರನ್ನು ಪ್ರಾಧ್ಯಾಪಕ ಹುದ್ದೆಯಿಂದ ತೆಗೆಯಲು ಹೊರಟರು. ಅದಕ್ಕೆ ಒಪ್ಪದ ರೆಕ್ಟರ್ (ವಿಶ್ವವಿದ್ಯಾಲಯದ ಮುಖ್ಯಸ್ಥ) ಮೊಂತಲ್ಬಾನ್ ಅವರ ಹುದ್ದೆಯೂ ಹೋಯಿತು. ಇದನ್ನು ವಿರೋಧಿಸಿ ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಏಪ್ರಿಲ್ 10ರ ರಾತ್ರಿ ಮ್ಯಾಡ್ರಿಡ್‌ನ ನಡುಚೌಕ ಪುಎರ್ತಾ ದೆಲ್ ಸೋಲ್‌ನಲ್ಲಿ ಸಿವಿಲ್ ಗಾರ್ಡ್ ಎಂಬ ಸಶಸ್ತ್ರ ಪೊಲೀಸ್ ಪಡೆ ಮುಗಿಬಿತ್ತು. ಜನ ಸತ್ತರು. ಮರುವರ್ಷ ದಂಗೆಯೊಂದರಲ್ಲಿ ಪಾಲಿದೆಯೆಂದು ಕಾಸ್ತೆಲಾರ್‌ಗೆ ಮರಣದಂಡನೆ ವಿಧಿಸಿದರು, ಅವರು ಪ್ಯಾರಿಸ್‌ಗೆ ತಪ್ಪಿಸಿಕೊಂಡರು. 1873ರಲ್ಲಿ ಇದೇ ದೇಶದ ಗಣರಾಜ್ಯಕ್ಕೆ ಅಧ್ಯಕ್ಷರಾದರು.

ಇಷ್ಟು ಬೆಲೆ ತೆತ್ತ ಬರಹವನ್ನು ನೋಡಲು ಈಗ ಪದವಿ ಇರಬೇಕಾ? ನಿಯಮಗಳು ನಿಮಗೆ ನನಗಿಂತ ಜಾಸ್ತಿ ಗೊತ್ತು. ಆ ಹಾಳೆ ನೋಡಲು ಬಿಡಿ. ಕೊಂಡೊಯ್ಯುವುದಿಲ್ಲ, ಫೋಟೊ ಬೇಡ ಅಂದರೆ ಅದೂ ಬೇಡ. ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತೇನೆ. ನೋಡಲು ಬಿಡಿ, ಅಷ್ಟೇ.

ನನಗೆ ವಾರದ ರಜೆ ಮಂಗಳವಾರ. ಯಾವ ಮಂಗಳವಾರ ಬರಲಿ, ಹೇಳಿ.

ಇಂತಿ,
ಮ್ಯಾಡ್ರಿಡ್‌ನ ಒಬ್ಬ ಕನ್ನಡಿಗ